ತಪ್ಪಿದ ಗೋಲುಗಳ ವಕೀಲ

ಶಿಡ್ಲಘಟ್ಟ,
ಗುರುವಾರ ಬೆಳಿಗ್ಗೆ, 20 ನವೆಂಬರ್ 2025

ಪ್ರೀತಿಯ ಹರಿತಮ್ಮಾ,

ಮೊದಲು ಒಂದು ತಪ್ಪೊಪ್ಪಿಗೆ. ನಿನ್ನ ಚಿಕ್ಕಪ್ಪನಾದ ಮೋಹನ್‌ಬಾಬು ಎಂಬ ನಾನು, ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವವನು, ಪಾಸ್‌ಪೋರ್ಟಿನ ವಿಚಾರಣೆಗೆ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವನು, ಮೊನ್ನೆ ಮಂಗಳವಾರ ಹಾಡುಹಗಲಿನಲ್ಲಿ, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಬೀಜದಂಗಡಿ ಆವಲಪ್ಪನ ಗಲ್ಲಾಪೆಟ್ಟಿಗೆಯ ಪಕ್ಕ ನೇತುಹಾಕಿದ್ದ ಪೀಪಿಯನ್ನು ಕದ್ದಿದ್ದೇನೆ. ಅವನು ಒಳಗೆ ಟೊಮ್ಯಾಟೊ ಬೀಜ ತರಲು ಹೋದಾಗ ಅದು ನನ್ನ ಛತ್ರಿಯೊಳಗೆ ಇಳಿಯಿತು. ಕಾರಣ ಇದೆ. ನಿನ್ನ ಅಪ್ಪ, ಅಂದರೆ ನಮ್ಮ ರಮೇಶಣ್ಣ, ಬ್ಯಾಂಕಿಗೆ ಹೋಗುವಾಗ ಆ ಅಂಗಡಿಯ ಮುಂದೆಯೇ ಹಾಯಬೇಕಲ್ಲ. ಅವನು ಕಂಡ ಕೂಡಲೇ ಆವಲಪ್ಪ ಪೀಪಿ ಎತ್ತಿ ‘ಪೋಂ’ ಅನ್ನಿಸುತ್ತಿದ್ದ, ಸುತ್ತಲಿದ್ದವರು ನಗುತ್ತಿದ್ದರು. ಮಗಳು ಗೋಲು ತಪ್ಪಿಸಿದ್ದಕ್ಕೆ ಅಪ್ಪನಿಗೆ ಓಲಗ. ಈಗ ಆ ವಾದ್ಯ ನಮ್ಮ ಮನೆಯ ರಾಗಿ ಡ್ರಮ್ಮಿನ ತಳದಲ್ಲಿ ಅಜ್ಞಾತವಾಸದಲ್ಲಿದೆ. ನಿನ್ನ ಚಿಕ್ಕಮ್ಮ ತನುಜಳಿಗೆ ಗೊತ್ತಿಲ್ಲ. ಈ ವಾರ ಮುದ್ದೆ ಸ್ವಲ್ಪ ಊದಿಕೊಂಡಂತೆ ಕಂಡರೆ ಕಾರಣ ನಿನಗೊಬ್ಬಳಿಗೆ ತಿಳಿದಿರಲಿ.

ಅದಿರಲಿ, ನೀನು ಹೇಗಿದ್ದೀಯ? ಮಂಡಿಯ ತರಚುಗಾಯ ಒಣಗಿತೇ? ಅದಕ್ಕೆ ಪೆದ್ದಮ್ಮ ಅರಿಶಿನ ಮೆತ್ತಿರುತ್ತಾರೆ, ಬೇಡವೆಂದರೂ ಬಿಟ್ಟಿರುವುದಿಲ್ಲ. ಅವರ ಸೊಂಟ ಹೇಗಿದೆ? ರೇಷ್ಮೆಹುಳುಗಳು ಯಾವ ಹಂತದಲ್ಲಿವೆ? ಸೊಪ್ಪು ಕೊಯ್ಯುವ ನೆಪದಲ್ಲಿ ನೀನು ಬೆಳಿಗ್ಗೆಯಿಂದ ತೋಟದಲ್ಲೇ ಇರುತ್ತೀಯಂತೆ, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತೀಯಂತೆ. ಈ ಸುದ್ದಿಯೂ ಸಲೀಸಾಗಿ ಸಿಗಲಿಲ್ಲ. ನೀನು ಫೋನು ಆರಿಸಿ ಸಾದಲಿಯ ಬಸ್ಸು ಹತ್ತಿದ ಮೇಲೆ ಪೆದ್ದಮ್ಮನ ಫೋನಿಗೆ ಕರೆ ಮಾಡಿದೆ. “ಮಗು ಮಾತಾಡಲ್ವಂತೆ ಕಣೋ, ನೀನೂ ಮಾತಾಡ್ಬೇಡ” ಎಂದು ಇಟ್ಟೇಬಿಟ್ಟರು. ನನ್ನ ತಾಯಿಯ ಅಕ್ಕ ನನಗೆ ಹೀಗೆ ಮಾಡಿದ ಮೇಲೆ ಉಳಿದದ್ದು ಕಾಗದ, ಲೇಖನಿ ಮತ್ತು ಬಸ್ ಕಂಡಕ್ಟರ್. ನಿನ್ನ ಸುದ್ದಿ ತಂದವನೂ ಅವನೇ, ಈ ಪತ್ರ ಒಯ್ಯುವವನೂ ಅವನೇ. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿ ಕೇಳಿ ನಿನಗೆ ಸಾಕಾಗಿದೆ. ಒಮ್ಮೆ ಓದಿಯಾದರೂ ನೋಡು, ಕಾಗದ ಬೈದರೆ ಮಡಚಿಡಬಹುದು.

“ಇನ್ನು ಆಡಲ್ಲಮ್ಮ, ಭಾನುವಾರಕ್ಕೂ ಬರಲ್ಲ” ಎಂದು ನೀನು ಹೇಳಿ ಹೋದದ್ದನ್ನು ಕಲ್ಯಾಣಿ ಅತ್ತಿಗೆ ಹೇಳಿದರು. ಬೂಟನ್ನು ಅಟ್ಟಕ್ಕೆ ಎಸೆದು ಹೋದದ್ದನ್ನೂ ಹೇಳಿದರು. ಆದ್ದರಿಂದ ಈ ಪತ್ರದ ಮಟ್ಟಿಗೆ ನಾನು ವಕೀಲ, ನಿನ್ನ ತಪ್ಪಿದ ಗೋಲುಗಳು ನನ್ನ ಕಕ್ಷಿದಾರರು. ವಕೀಲನಾದವನು ಎಲ್ಲರಿಗೂ ಗೊತ್ತಿರುವುದನ್ನೂ ಮೊದಲಿನಿಂದ ಹೇಳಬೇಕು, ಹೇಳುತ್ತೇನೆ. ಹೂವಿನ ಮಂಡಿಯವರು ನಾಲ್ಕು ಊರಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಗಳಿಗೆ ಒಂದು ಕಪ್ಪು ಇಟ್ಟರು. ಚಿಕ್ಕಬಳ್ಳಾಪುರದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಗೌರಿಬಿದನೂರಿನ ಮೇಲೆ ನೀನು ಎರಡು ಗೋಲು ಹೊಡೆದೆ. ಆ ದಿನ ಇದೇ ಜನ ಮಂಡಿಯಲ್ಲಿ ಮಿಕ್ಕ ಚೆಂಡುಹೂವನ್ನೆಲ್ಲ ತಂದು ನಿನ್ನ ಕೊರಳಿಗೆ ಹಾಕಿದರು. ಚೆಂಡಿಗೆ ಚೆಂಡುಹೂವು ಎಂದು ನಾನೂ ಒಂದು ಮಾತು ಒಗೆದೆ, ಯಾರೂ ನಗಲಿಲ್ಲ. ಫೈನಲ್ಲಿಗೆ ಎರಡು ಪಂದ್ಯ. ಮೊದಲನೆಯದು ಕಳೆದ ಭಾನುವಾರ ಚಿಂತಾಮಣಿಯಲ್ಲಿ, ಎರಡನೆಯದು ಬರುವ ಭಾನುವಾರ ನಮ್ಮೂರಲ್ಲಿ. ಬೇಡಿದ್ದು ಕೊಡುವುದು ಚಿಂತಾಮಣಿಯಂತೆ. ನಮಗೆ ಬರೀ ಚಿಂತೆ ಕೊಟ್ಟು ಮಣಿಯನ್ನು ಇಟ್ಟುಕೊಂಡಿತು. ಯಾರೂ ಗೋಲು ಹೊಡೆಯಲಿಲ್ಲ. ನಿನಗೆ ನಾಲ್ಕು ಅವಕಾಶ ಬಂತು, ನಾಲ್ಕೂ ತಪ್ಪಿತು. ಅವಕಾಶಗಳೆಲ್ಲ ಆಕಾಶಕ್ಕೆ ಹೋದವು. ಕಪ್ಪು ಯಾರಿಗೆಂದು ತೀರ್ಮಾನವಾಗುವ ಮೊದಲೇ ನಮ್ಮವರು ನಿನ್ನ ಮುಖಕ್ಕೆ ಕಪ್ಪು ಬಳಿದರು.

ಹರಿತಮ್ಮಾ, ನನಗೆ ಹೇಸಿಗೆಯಾಗಿದೆ. ಸೋತದ್ದಕ್ಕಲ್ಲ, ಸೋತೇ ಇಲ್ಲವಲ್ಲ. ಈ ಬೆಂಬಲಿಗರು ಎನ್ನಿಸಿಕೊಳ್ಳುವ ಪ್ರಾಣಿಗಳನ್ನು ಒಂದು ಇಡೀ ಮಧ್ಯಾಹ್ನ ಹತ್ತಿರದಿಂದ ನೋಡಿದ್ದಕ್ಕೆ. ಗೆರೆಯ ಪಕ್ಕ ಕೂತು ಕಡಲೆಕಾಯಿ ಸಿಪ್ಪೆಯನ್ನು ಮೈದಾನದೊಳಕ್ಕೆ ಉಗಿಯುತ್ತಿದ್ದರು. ಉಗಿದ ಬಾಯಲ್ಲೇ “ಹೊಡಿಯಮ್ಮಾ” ಅನ್ನುತ್ತಿದ್ದರು, ತಪ್ಪಿದರೆ ಮತ್ತೆ ನಿನ್ನ ಕಡೆಗೇ ಉಗಿಯುತ್ತಿದ್ದರು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವವನು ನಿನಗೆ ಓಡಲು ಬರುವುದಿಲ್ಲ ಅಂದ. ಸ್ಕೂಟರನ್ನು ನೆಟ್ಟಗೆ ಸ್ಟ್ಯಾಂಡ್ ಹಾಕಲಾರದವನು ನಿನಗೆ ಬ್ಯಾಲೆನ್ಸ್ ಇಲ್ಲ ಅಂದ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ, ಅಣ್ಣನ ಹೆಗಲ ಮೇಲೆ ಕೈಯಿಟ್ಟು, “ಮದುವೆ ಮಾಡಿ ಕಳ್ಸಿ ರಮೇಶಣ್ಣಾ, ಅಲ್ಲಾದ್ರೂ ಗುರಿ ಇಡ್ತಾಳಾ ನೋಡಣ” ಎಂದ. ನೀನು ಮುಂದಿನ ಸೀಟಿನಲ್ಲಿದ್ದೆ, ಕೇಳಿಸಿತೆಂದು ನನಗೆ ಗೊತ್ತು, ನಿನ್ನ ಕಿವಿ ಕೆಂಪಾದದ್ದನ್ನು ಹಿಂದಿನಿಂದ ನೋಡಿದೆ. ಇಡೀ ಬಸ್ಸಿನಲ್ಲಿ ಮನುಷ್ಯರಂತೆ ನಡೆದುಕೊಂಡವರು ಕರೀಂ ಸಾಬ್ ಒಬ್ಬರೇ. ನಿನ್ನ ಜೊತೆ ಆಡುವ ನೌರೀನಳ ಅಪ್ಪನಾಗಿ ಅವರು “ನನ್ನ ಮಗಳು ಚೆಂಡು ಕೊಟ್ಟಳು, ನಿಮ್ಮ ಹುಡುಗಿ ಕೆಡಿಸಿದಳು” ಅನ್ನಬಹುದಿತ್ತು. ಅನ್ನಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ನಿನ್ನ ಕೈಗೆ ಕೊಟ್ಟು ತಮ್ಮ ಸೀಟಿಗೆ ಹೋಗಿ ಕೂತರು. ಆ ರಾತ್ರಿ ಗ್ರೂಪಿನಲ್ಲಿ ಹುಣಸೆಮರಕ್ಕೆ ನಿನ್ನ ಮುಖ ಅಂಟಿಸಿದ ಚಿತ್ರ ಹರಿದಾಡಿತು. ಬೆನ್ನಿಗೆ ಬಲವಾಗುವವರು ಬೆಂಬಲಿಗರು. ಇವರು ಬೆನ್ನಿಗೆ ಬಿದ್ದವರು.

ಆ ಹುಣಸೆಮರದ ಗೋಲಿನ ವಿಷಯಕ್ಕೇ ಬರುತ್ತೇನೆ. ಅದರಲ್ಲಿ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮೊದಲರ್ಧದಲ್ಲಿ ಮೂರು ತಪ್ಪಿದಾಗ ನಮ್ಮವರು ಸಭೆ ಸೇರಿ, ನಿನಗೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದರು. ನೀವೆಲ್ಲ ಆ ಕಡೆ ನೀರು ಕುಡಿಯುತ್ತಿದ್ದಾಗ ಆವಲಪ್ಪ ಸಂತೆಬೀದಿಗೆ ಓಡಿ ಒಂದು ಬೂದುಗುಂಬಳಕಾಯಿ ತಂದ. ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಎರಡನೆಯ ಅರ್ಧದಲ್ಲಿ ನೀನು ಹೊಡೆಯಬೇಕಾದ ಗೋಲುಕಂಬಗಳಿಗೆ ಇಳಿ ತೆಗೆದು, ಗೋಲಿನ ಎದುರಿಗೇ ನೆಲಕ್ಕೆ ಅಪ್ಪಳಿಸಿದ. ಹೊಸ ಮನೆಗೆ, ಹೊಸ ಲಾರಿಗೆ ಒಡೆಯುತ್ತಾರಲ್ಲ, ಹಾಗೆಯೇ, ಏನೂ ಕಡಿಮೆಯಿಲ್ಲದೆ. ರೆಫರಿ ಕೂಗಾಡಿದ ಮೇಲೆ ದೊಡ್ಡ ಹೋಳುಗಳನ್ನು ಚಪ್ಪಲಿಯಿಂದ ಪಕ್ಕಕ್ಕೆ ಒತ್ತಿದರು. ತಿರುಳು, ಬೀಜ, ಲೋಳೆ ಹುಲ್ಲಿನಲ್ಲೇ ಉಳಿಯಿತು. ಆಟ ಮುಗಿಯುವ ಹೊತ್ತಿಗೆ ನೌರೀನ್ ಬಲಗಡೆಯಿಂದ ಇಬ್ಬರನ್ನು ದಾಟಿ ಬಂದು ಚೆಂಡನ್ನು ಹಿಂದಕ್ಕೆ ತಳ್ಳಿದಳು. ಅವರ ಗೋಲ್‌ಕೀಪರ್ ಮೌನಿಕಾ ಆಗಲೇ ನೆಲಕ್ಕೆ ಬಿದ್ದಿದ್ದಳು. ಗೋಲು ಬಾಗಿಲು ತೆರೆದ ಛತ್ರದಂತಿತ್ತು. ನೀನು ಓಡಿಬಂದು ಎಡಗಾಲು ಊರಿದೆ, ಊರಿದ್ದು ಕುಂಬಳಕಾಯಿಯ ಮೇಲೆ. ಕಾಲು ಜಾರಿತು, ಚೆಂಡು ಹುಣಸೆಮರ ಹತ್ತಿತು. ನಿನ್ನ ಕಾಲಿಗೇ ಏನೋ ಆಗಿದೆ ಎಂದು ನೀನು ಅತ್ತಿಗೆಯ ಹತ್ತಿರ ಅತ್ತುಬಿಟ್ಟೆಯಂತೆ. ಆಗಿದ್ದು ಕಾಲಿಗಲ್ಲ, ನಮ್ಮವರ ತಲೆಗೆ. ಪಂದ್ಯ ಮುಗಿದ ಮೇಲೆ ನಾನು ಹೋಗಿ ನೋಡಿದೆ, ನೀನು ಜಾರಿದ ಗೀರು ಕುಂಕುಮದ ಬಣ್ಣದಲ್ಲಿತ್ತು. ಅಷ್ಟಾದರೂ ಆವಲಪ್ಪ ಹಣೆ ಚಚ್ಚಿಕೊಂಡು ಹೇಳಿದ್ದೇನು ಗೊತ್ತೇ? “ಕುಂಬಳಕಾಯಿ ಒಡೆದ್ರೂ ಗೋಲ್ ಹೊಡೀಲಿಲ್ಲ ಅಂದ್ರೆ ಈ ಹುಡುಗೀಗೆ ಇನ್ನೇನು ಮಾಡೋದ್ರೀ!” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಇತ್ತು. ಇವರಿಗೆ ಹೆಗಲೂ ಇಲ್ಲ.

ಆದರೆ ಕುಂಬಳಕಾಯಿಯ ಹಿಂದೆ ನಿನ್ನನ್ನು ಬಚ್ಚಿಡುವ ವಕೀಲ ನಾನಲ್ಲ. ಕಾಯಿ ಒಡೆಯುವ ಮೊದಲೇ ತಪ್ಪಿದ ಮೂರು ಇವೆಯಲ್ಲ, ಅವಕ್ಕೂ ನಾನೇ ಹಾಜರು. ಮೊದಲನೆಯದು ತಲೆಯಿಂದ ಹೊಡೆದದ್ದು. ಸೂರ್ಯ ನೆಟ್ಟಗೆ ಕಣ್ಣಿಗೆ ಹೊಡೆಯುತ್ತಿದ್ದ, ಚೆಂಡು ಎಲ್ಲಿದೆಯೆಂದು ಅಂದಾಜಿನಲ್ಲಿ ಹಾರಿದೆ. ಎರಡನೆಯದನ್ನು ಮೌನಿಕಾ ಮೊಣಕಾಲಿನಿಂದ ತಡೆದಳು. ಅದನ್ನು ನಿನ್ನ ತಪ್ಪು ಅನ್ನುವುದು ಆ ಹುಡುಗಿಗೆ ಮಾಡುವ ಅವಮಾನ. ಅವಳೇನು ಚೆಂಡಿಗೆ ದಾರಿ ಬಿಡಲು ಬಂದಿದ್ದಳೇ? ಮೂರನೆಯದು ಮಾತ್ರ ನಿನ್ನದೇ, ಒಪ್ಪಿಬಿಡೋಣ. ಬಂದ ಕೂಡಲೇ ಒದೆಯಬೇಕಿತ್ತು, ನೀನು ಚೆಂಡನ್ನು ಇನ್ನೊಮ್ಮೆ ಸರಿಮಾಡಿಕೊಂಡೆ, ಅಷ್ಟರಲ್ಲಿ ಅವರ ಡಿಫೆಂಡರು ಕಾಲು ಹಾಕಿದಳು. ಯಾಕೆ ಸರಿಮಾಡಿಕೊಂಡೆ? ಎರಡು ತಪ್ಪಿದ್ದವು, ಎರಡಕ್ಕೂ ಪೀಪಿ ಊದಿದ್ದರು, ಮೂರನೆಯದು ತಪ್ಪಲೇಬಾರದು ಅನ್ನಿಸಿತ್ತು. ತಪ್ಪಲೇಬಾರದು ಅಂದುಕೊಂಡವರು ಖಾತ್ರಿ ಹುಡುಕುತ್ತಾರೆ. ಗೋಲಿನ ಮುಂದೆ ಖಾತ್ರಿ ಹುಡುಕುವುದು ಸಿಟಿ ಬಸ್ಸು ಹೊರಟ ಮೇಲೆ ಚಿಲ್ಲರೆ ಹುಡುಕಿದ ಹಾಗೆ. ಕಾಲಿಗೆ ಅಲ್ಲಿ ಕಾಲವೇ ಇರುವುದಿಲ್ಲ. ಹೊರಗೆ ಕೂತವರಿಗೆ ಗೋಲು ಬಸ್ ಸ್ಟ್ಯಾಂಡಿನಷ್ಟು ಅಗಲ. ಓಡಿಬಂದವಳಿಗೆ, ಕೀಪರ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅದು ಟಿಕೆಟ್ ಕೊಡುವ ಕಿಂಡಿ. ಪಕ್ಕದಲ್ಲಿ ಒಬ್ಬಳು ಅಂಗಿ ಎಳೆಯುತ್ತಿರುತ್ತಾಳೆ, ಚೆಂಡು ದನದ ಗೊರಸಿನ ಗುಂಡಿಗೆ ಬಿದ್ದು ಎಲ್ಲಿಗೋ ಪುಟಿಯುತ್ತದೆ, ಉಸಿರು ಗಂಟಲಲ್ಲಿರುತ್ತದೆ. ಟಿವಿಯಲ್ಲಿ ಕಾಣುವ ಕೋಟಿ ಕೋಟಿ ಸಂಬಳದವರೂ ಹತ್ತು ಸಲ ಒದ್ದರೆ ಒಳಗೆ ಹೋಗುವುದು ಸುಮಾರು ಒಂದೇ. ಅವರಿಗಾದರೂ ಹುಲ್ಲನ್ನು ಬಾಚಿ ಇಟ್ಟಿರುತ್ತಾರೆ, ಗೋಲಿನ ಮುಂದೆ ಯಾರೂ ತರಕಾರಿ ಒಡೆಯುವುದಿಲ್ಲ.

ಇನ್ನೂ ಒಂದು ಮಾತು. ಅವಕಾಶ ತಪ್ಪಿಸಬೇಕಾದರೆ ಮೊದಲು ಅಲ್ಲಿಗೆ ಹೋಗಿರಬೇಕು. ನಾಲ್ಕು ಸಲ ತಪ್ಪಿಸಿದ್ದೀಯ ಅಂದರೆ ನಾಲ್ಕು ಸಲ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದೆ, ಅರ್ಧ ಕೆಲಸ ಅದೇ. ನಮ್ಮ ಡಿಫೆಂಡರು ಶಿರೀಷಾ ಈ ವರ್ಷ ಒಂದೂ ಗೋಲು ತಪ್ಪಿಸಿಲ್ಲ, ಆ ಕಡೆ ಹೋಗಿಯೇ ಇಲ್ಲವಲ್ಲ. ಆವಲಪ್ಪನೂ ಐವತ್ತೆಂಟು ವರ್ಷದ ಜೀವಮಾನದಲ್ಲಿ ಒಂದೇ ಒಂದು ಗೋಲು ತಪ್ಪಿಸಿಲ್ಲ. ಇದೇ ಆವಲಪ್ಪ, ಬೀಜ ಹುಟ್ಟಲಿಲ್ಲವೆಂದು ರೈತರು ಪೊಟ್ಟಣ ಹಿಡಿದು ಬಂದರೆ, “ಎಲ್ಲಾ ಬೀಜಾನೂ ಮೊಳೀತಾವಾ ಗೌಡ್ರೇ, ನೀವೇ ಹೇಳಿ” ಎಂದು ವೇದಾಂತ ಹೇಳುತ್ತಾನೆ. ಆ ವೇದಾಂತ ಅಂಗಡಿಯ ಶಟರಿನಿಂದ ಈಚೆಗೆ ಬರುವುದಿಲ್ಲ.

ಇದು ನಮ್ಮೂರಿನ ಅಭ್ಯಾಸಬಲವೂ ಹೌದು ಅನ್ನಿಸುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದ ಜನ. ಒಬ್ಬ ರೈತನ ಲಾಟು, ಅಂದರೆ ರಾಶಿಯೊಳಗೆ ಕೈ ಹಾಕಿ, ಒಂದು ಹಿಡಿ ರೇಷ್ಮೆಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಇಡೀ ಲಾಟಿಗೆ ಬೆಲೆ ಕೂಗುವವರು. ಗೂಡಿಗೆ ಅದು ಸರಿ, ಗೂಡು ಆಗಲೇ ಮುಗಿದ ವಸ್ತು. ಆದರೆ ಮೈದಾನದಲ್ಲಿರುವುದು ಗೂಡಲ್ಲ ಸ್ವಾಮೀ, ಹುಳ, ಜೀವಂತ, ಇನ್ನೂ ಬೆಳೆಯುತ್ತಿರುವುದು. ಹುಳದ ವಿಷಯ ಗೊತ್ತಿರುವವರನ್ನು ನೋಡಬೇಕೆಂದರೆ ನೀನು ಈಗಿರುವ ಮನೆಯಲ್ಲೇ ನೋಡು. ತಿನ್ನುತ್ತಿದ್ದ ಹುಳ ಇದ್ದಕ್ಕಿದ್ದಂತೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಪೊರೆ ಬಿಡುವ ಕಾಲ ಅದು. ನಮ್ಮವರು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಒಂದಲ್ಲ, ನಾಲ್ಕು ಜ್ವರ ದಾಟಬೇಕು. ಆಗ ಪೆದ್ದಮ್ಮ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಸತ್ತುಹೋಯಿತೆಂದು ತಿಪ್ಪೆಗೆ ಎಸೆಯುವುದೂ ಇಲ್ಲ. ಸುಮ್ಮನೆ ಒಂದಿಷ್ಟು ಸುಣ್ಣದ ಪುಡಿ ಎರಚಿ ಕಾಯುತ್ತಾರೆ. ಹಿಂದೊಮ್ಮೆ ನಿನ್ನಪ್ಪ ಗಂಟಲು ದೊಡ್ಡದಿರುವ ತನ್ನ ಮ್ಯಾನೇಜರನ್ನು ಹುಳುಮನೆ ತೋರಿಸಲು ಕರೆದುಕೊಂಡು ಹೋಗಿದ್ದ. “ಆಗರಾ ನಾಯನಾ, ಅಲ್ಲೇ ನಿಂತ್ಕೋ! ಹುಳ ಜ್ವರಕ್ಕೆ ಕೂತಿದೆ, ನಿಮ್ ಗದ್ಲ ಎಲ್ಲಾ ಬೀದೀಲಿ ಇಟ್ಕೊಳಿ” ಎಂದು ತೆಲುಗು ಕನ್ನಡ ಎರಡರಲ್ಲೂ ಬೈದು ಮ್ಯಾನೇಜರನ್ನು ಬಾಗಿಲಿಂದಲೇ ಅಟ್ಟಿದರು. ಆ ಹೆಂಗಸಿಗೆ ಫುಟ್‌ಬಾಲ್ ಚೌಕವೋ ದುಂಡೋ ಗೊತ್ತಿಲ್ಲ, ಆದರೆ ಮೈದಾನದ ಗೇಟಿನಲ್ಲಿ ಅವರನ್ನೇ ನಿಲ್ಲಿಸಬೇಕು. ನೀನು ಈಗ ಜ್ವರಕ್ಕೆ ಕೂತಿದ್ದೀಯ, ಅಷ್ಟೇ. ಸತ್ತಿಲ್ಲ ಕಣೇ.

ಹೊಗಳಿಕೊಳ್ಳಬಾರದು, ಆದರೂ ಬೇರೆ ಯಾರೂ ಹೊಗಳದೆ ಇರುವುದರಿಂದ ಹೇಳಬೇಕಾಗಿದೆ. ಆ ಭಾನುವಾರ ನಾಲ್ಕೂ ಸಲ ತಪ್ಪಿದಾಗ ನನ್ನ ಬಾಯಿಂದ ಒಂದು ‘ಛೆ’ ಕೂಡ ಹೊರಡಲಿಲ್ಲ. ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಲಾಭನಷ್ಟದ ತಖ್ತೆಯಲ್ಲಿ ಲಾಭವನ್ನು ನಷ್ಟವೆಂದೂ ನಷ್ಟವನ್ನು ಲಾಭವೆಂದೂ ಬರೆದವರನ್ನು ನೋಡಿಯೂ ರಕ್ತದೊತ್ತಡ ಏರಿಸಿಕೊಳ್ಳದವನು. ಇಡೀ ಶಿಡ್ಲಘಟ್ಟದಲ್ಲಿ ತಾಳ್ಮೆ ಎನ್ನುವ ದಾಸ್ತಾನು ಈಗ ನನ್ನೊಬ್ಬನ ಹತ್ತಿರ ಉಳಿದಿದೆ, ಅದನ್ನು ಸಾಲ ಕೇಳಲು ಯಾರೂ ಬರುತ್ತಿಲ್ಲ ಅನ್ನುವುದೇ ಬೇಸರ. ನೀನು ಭಾನುವಾರ ಆಡಿದರೆ ನಾನು ಆ ಗುಂಪಿನ ನಟ್ಟನಡುವೆ ಕೂತು, ತಪ್ಪಿದಾಗಲೆಲ್ಲ ಚಪ್ಪಾಳೆ ತಟ್ಟಿ, ಬೆಂಬಲ ಅಂದರೆ ಏನೆಂದು ಅವರಿಗೆ ಪ್ರಾಯೋಗಿಕವಾಗಿ ಬೋಧಿಸುವವನಿದ್ದೇನೆ. ಒಂದು ಕುಂಬಳಕಾಯಿ ಒಳಗೆ ಬಂದರೆ ಅದನ್ನು ತಂದವನ ತಲೆಯ ಮೇಲೆಯೇ ಇಳಿ ತೆಗೆಯುತ್ತೇನೆ. ಆದರೆ ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ. ಬೇಡವೆನಿಸಿದರೆ ಬೇಡ. ಜ್ವರಕ್ಕೆ ಕೂತ ಹುಳವನ್ನು ಎಬ್ಬಿಸುವವನು ನಾನಾಗಬಾರದು. ಆಟ ಬಿಟ್ಟರೆ ಬಿಡು, ಆದರೆ ಈ ಹೇಸಿಗೆ ಜನರಿಗಾಗಿ ಬಿಡಬೇಡ, ಅವರು ಅಷ್ಟು ಬೆಲೆ ಬಾಳುವವರಲ್ಲ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಣ್ಣ ಈಗ ಬ್ಯಾಂಕಿಗೆ ಆ ಅಂಗಡಿಯ ಮುಂದೆಯೇ ನೆಟ್ಟಗೆ ನಡೆದುಹೋಗುತ್ತಾನೆ, ಯಾಕೆ ಸದ್ದಿಲ್ಲವೆಂದು ಅವನಿಗೇ ಆಶ್ಚರ್ಯ. ಅತ್ತಿಗೆ ನಿನ್ನ ಬಟ್ಟೆ ಕಳಿಸುತ್ತೇನೆ ಅಂದರು, ನಾನು ತಡೆದಿದ್ದೇನೆ. ಬಟ್ಟೆ ಹೋದರೆ ನೀನು ಅಲ್ಲೇ ಸಂಸಾರ ಹೂಡುತ್ತೀಯ. ತನುಜ ಹುರಿಗಡಲೆ ಉಂಡೆ ಕಟ್ಟಿ ಇದರ ಜೊತೆ ಇಟ್ಟಿದ್ದಾಳೆ, ಪೆದ್ದಮ್ಮನಿಗೆ ಹಲ್ಲಿಲ್ಲ, ಎಲ್ಲವನ್ನೂ ನೀನೇ ತಿನ್ನು. ಅವರ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ನಿನ್ನ ಎರಡೂ ಕಾಲು ನೂರು ವರ್ಷ ಗಟ್ಟಿಯಾಗಿರಲಿ, ಎಲ್ಲಿ ಊರಿದರೂ ಜಾರದಿರಲಿ.

ಇತಿ ನಿನ್ನ ಪ್ರೀತಿಯ,
ಮೋಹನ್ ಚಿಕ್ಕಪ್ಪ

ತಾ.ಕ.: ಮೇಲಿನದನ್ನೆಲ್ಲ ಬೆಳಿಗ್ಗೆ ಬರೆದೆ. ಈಗ ಸಂಜೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕಂಡಕ್ಟರನ ಚೀಲವನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ಒತ್ತಾಯ ಮಾಡುವುದಿಲ್ಲ ಅಂದಿದ್ದೆನಲ್ಲ, ಅದನ್ನು ಹೊಡೆದುಹಾಕು. ನೀನು ನಾಳೆಯೇ ಬರಬೇಕು. ಕಾಲೇಜು ಮುಗಿಸಿ ನಿಮ್ಮ ತಂಡದ ಅಭ್ಯಾಸದ ಪಂದ್ಯ ನೋಡಲು ಹೋಗಿದ್ದೆ. ನೀನಿಲ್ಲವೆಂದು ಕೋಚ್ ನಿನ್ನ ಜಾಗದಲ್ಲಿ ನೌರೀನಳನ್ನು ಆಡಿಸಿದರು. ಪಾಪ, ಅವಳಿಗೆ ಬದಿಯಲ್ಲಿ ಓಡಿ ಗೊತ್ತೇ ಹೊರತು ನಡುವೆ ನಿಂತು ಹೊಡೆದು ಗೊತ್ತಿಲ್ಲ. ಎರಡು ತಪ್ಪಿಸಿದಳು. ಮೂರನೆಯದು ಬರೀ ಮುಟ್ಟಿದರೆ ಒಳಗೆ ಹೋಗುವಂಥದ್ದು, ಅದನ್ನೂ ಕಂಬದ ಆಚೆಗೆ ಕಳಿಸಿದಳು. ಆಗ ಜನರ ಮಧ್ಯದಿಂದ ಒಂದು ಕೂಗು ಬಿತ್ತು: “ಹರಿತಾ ಆಗಿದ್ರೆ ಕಣ್ಮುಚ್ಕೊಂಡು ಹಾಕ್ತಿದ್ಲು! ಆಚೆ ಹೋಗಮ್ಮಾ, ಆಚೆ ಹೋಗು!” ನೌರೀನ್ ತಿರುಗಿ ನೋಡಿದಳು. ತಂಡದ ಗುರುತಿಗೆ ಅಂಗಿಯ ಮೇಲೆ ಹಾಕಿದ್ದ ಮೇಲಂಗಿ ಬಿಚ್ಚಿ ಕೋಚಿನ ಕುರ್ಚಿಯ ಮೇಲಿಟ್ಟು ನಿಜಕ್ಕೂ ಆಚೆ ಹೋದಳು. ಈಗ ಅವಳೂ ಭಾನುವಾರ ಬರುವುದಿಲ್ಲವಂತೆ. ಕ್ಷಮೆ ಕೇಳಲು ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಬಂದೆ. ಅವಳ ಅಮ್ಮ ದಿಲ್ಷಾದ್ ಬೇಗಂ, “ಊಟಾನೂ ಮಾಡಿಲ್ಲ ಸಾರ್. ಹರಿತಾ ಬಂದು ಕರೆದ್ರೆ ನೋಡ್ತೀನಿ, ಬೇರೆ ಯಾರ ಮಾತೂ ಬ್ಯಾಡ ಅಂತಾಳೆ” ಎಂದರು. ನನಗಾಗಿ ಬೇಡ, ಕಪ್ಪಿಗಾಗಿ ಬೇಡ. ನಿನಗೆ ಆದದ್ದು ಅವಳಿಗೂ ಆಗಿದೆ, ಅದನ್ನು ಬಲ್ಲವಳು ಈ ಊರಿನಲ್ಲಿ ನೀನೊಬ್ಬಳೇ. ಬೆಳಗಿನ ಮೊದಲ ಬಸ್ಸಿಗೇ ಹೊರಟು ನೆಟ್ಟಗೆ ಅವರ ಮನೆಗೆ ಹೋಗು, ನಮ್ಮ ಮನೆಗೆ ಆಮೇಲೆ ಬಂದರಾಯಿತು. ಕಂಡಕ್ಟರ್ ಸೀಟಿ ಊದಿದ. ಕೂಗಿದವನು ಯಾರೆಂದು ನೀನು ಹೇಗೂ ಕೇಳುತ್ತೀಯ. ಆವಲಪ್ಪನಲ್ಲ. ಆವಲಪ್ಪ ಕಡಲೆಕಾಯಿ ಪೊಟ್ಟಣ ಕೆಳಗಿಟ್ಟು, ಎದ್ದುಬಂದು, ಇನ್ನೊಂದು ಸಲ ಕೂಗಲು ನಿಂತಿದ್ದ ನನ್ನನ್ನು ಎಲ್ಲರ ಎದುರಿಗೆ ಭುಜ ಹಿಡಿದು ಕೂರಿಸಿ, “ಕೂತ್ಕಳಿ ಮೇಷ್ಟ್ರೇ, ಮಗು ಅದು, ಹೆದ್ರುಕೊಂಡ್ಬಿಡ್ತದೆ” ಅಂದ.